ನಡುಗಡಲು ನೀಲಿಯಾದದ್ದು

ಲೋಕ ಇನ್ನೂ ಹೊಚ್ಚಹೊಸತಾಗಿದ್ದ ಕಾಲ. ಆಗ ಕಡಲು ಈ ದಡದಿಂದ ಆ ದಡದವರೆಗೂ ಹಸಿರಾಗಿತ್ತು.

ಆ ಹಸಿರೆಲ್ಲ ನೀರಲ್ಲಿ ತೇಲುವ ಪಾಚಿಯ ಕಣ ಹಸುರಿ ಮತ್ತು ಅವಳ ಬಳಗದ್ದು. ಅವರೆಷ್ಟು ಚಿಕ್ಕವರೆಂದರೆ ಸಾಸಿವೆ ಕಾಳು ಅವರ ಪಾಲಿಗೆ ಬೆಟ್ಟ. ಕೈಯಿಲ್ಲ, ಕಾಲಿಲ್ಲ, ಈಜಲೂ ಬಾರದು. ಆದರೆ ಬಿಸಿಲು ಹಿಡಿದು ಅಡುಗೆ ಮಾಡುವ ವಿದ್ಯೆ ಕಡಲಿನಲ್ಲಿ ಅವರಿಗೇ ಗೊತ್ತಿತ್ತು. ಸಿಗಡಿಯಿಂದ ತಿಮಿಂಗಿಲದವರೆಗೆ ಎಲ್ಲರ ಹೊಟ್ಟೆ ತುಂಬುತ್ತಿದ್ದದ್ದು ಅವರ ಅಡುಗೆಯಿಂದ. ಅಡುಗೆ ಮಾಡುತ್ತ ಅವರು ಬಿಡುತ್ತಿದ್ದ ಉಸಿರನ್ನೇ ಗಾಳಿ ಲೋಕಕ್ಕೆಲ್ಲ ಹಂಚುತ್ತಿದ್ದ.

ಅಡುಗೆಯವರಿಗೂ ಹಸಿವಾಗುತ್ತದಲ್ಲ? ಬರೀ ಬಿಸಿಲು ಸಾಲದು, ಕೆಸರಿನ ಸಾರವೂ ಬೇಕು. ಕೆಸರಿದ್ದದ್ದು ಕತ್ತಲೆಯ ತಳದಲ್ಲಿ. ಅಲ್ಲಿಗೆ ಇಳಿದರೆ ಬಿಸಿಲಿಲ್ಲದೆ ಹಸುರಿಯವರು ಸಾಯುತ್ತಾರೆ. ಅದಕ್ಕೇ ಕಡಲಿನಲ್ಲೊಂದು ಪದ್ಧತಿಯಿತ್ತು. ಪಂಕ್ತಿಯಲ್ಲಿ ಕೂತವರು ಬಾಯಿಗೆ ತುತ್ತಿಡುವ ಮೊದಲು ಯಜಮಾನ ಕೇಳಬೇಕು: "ಅಡುಗೆಯವರಿಗೆ ಕೆಸರು ತಂದಿಟ್ಟಿರಾ?" ತಂದಿಟ್ಟ ಮೇಲೆಯೇ ಊಟ.

ಬರುಬರುತ್ತ ಯಜಮಾನ ತಿಮಿಂಗಿಲ ಕೇಳುವುದನ್ನೇ ಬಿಟ್ಟ. ಅವನು ಕೇಳಲಿಲ್ಲ, ಉಳಿದವರು ತರಲಿಲ್ಲ. ಹಸುರಿಯ ಬಳಗ ಬಿಳಿಚಿಕೊಂಡಿತು. ಆದರೂ ಅಡುಗೆ ನಿಲ್ಲಿಸಲಿಲ್ಲ.

ಒಂದು ದಿನ ಊಟದ ಹೊತ್ತಿಗೆ ಹಸುರಿಯ ತಂಗಿ ನಿತ್ರಾಣಳಾಗಿ ಕೆಳಕ್ಕೆ ಜಾರತೊಡಗಿದಳು.

"ಯಜಮಾನರೇ!" ಹಸುರಿ ಕೂಗಿದಳು. "ಅಡುಗೆಯವರಿಗೆ ಕೆಸರು ಎಲ್ಲಿ?"

ತಿಮಿಂಗಿಲ ಬಾಯಿ ತುಂಬ ತುಂಬಿಕೊಂಡೇ ಅತ್ತಿತ್ತ ನೋಡಿದ. "ಯಾರದು? ಯಾರೂ ಕಾಣುವುದಿಲ್ಲ ಮಾರಾಯ್ತಿ!"

ಪಂಕ್ತಿಗೆ ಪಂಕ್ತಿಯೇ ಗೊಳ್ಳೆಂದು ನಕ್ಕಿತು, ಮೇಲಿದ್ದ ಗಾಳಿಯೂ ನಕ್ಕ. ಉಂಡ ಅನ್ನ ಗಂಟಲಲ್ಲಿರುವಾಗಲೇ ನಕ್ಕರು, ನಾಚಿಕೆಗೆಟ್ಟವರು!

"ನನ್ನ ತಂಗಿ ಮುಳುಗುತ್ತಿದ್ದಾಳೆ! ಒಂದು ಬಾಯಿ ಕೆಸರು ತನ್ನಿ!"

"ಎಂತ ಅವಸರ? ನಾಳೆ ನೋಡುವ," ಅಂದ ತಿಮಿಂಗಿಲ.

ಆ ನಗು ಮುಗಿಯುವಷ್ಟರಲ್ಲಿ ತಂಗಿ ಕತ್ತಲೆಗೆ ಇಳಿದುಹೋಗಿದ್ದಳು.

ಹಸುರಿಯ ಮೈಯೆಲ್ಲ ಉರಿಯಿತು. ಹೊಡೆಯೋಣವೆಂದರೆ ಕೈಯಿಲ್ಲ. ಎದ್ದು ಹೋಗೋಣವೆಂದರೆ ಕಾಲಿಲ್ಲ. ಅವಳು ಗಾಳಿಯ ಕಡೆ ತಿರುಗಿ ಚೀರಿದಳು: "ಏಯ್! ನಮ್ಮ ಉಸಿರಲ್ಲಿ ಬದುಕಿದವನೇ, ನೀನೂ ನಗುತ್ತೀಯಾ? ಹೊರು ನಮ್ಮನ್ನು! ಈ ಮನೆಯಲ್ಲಿ ಇನ್ನೊಂದು ಗಳಿಗೆ ಇರುವುದಿಲ್ಲ!"

ಗಾಳಿಯ ಮುಖ ಸಣ್ಣಗಾಯಿತು. ಅಲೆಯ ಮೇಲೆ ಅಲೆ ಎಬ್ಬಿಸಿ, ಇಡೀ ಬಳಗವನ್ನು ದಡದತ್ತ ನೂಕಿಕೊಂಡು ಹೋದ.

ಅಲ್ಲಿ ಹೊಳೆಯೊಂದು ಕೆಂಪು ಮಣ್ಣು ಹೊತ್ತು ಕಡಲಿಗೆ ಇಳಿಯುತ್ತಿತ್ತು. ಬಿಳಿಚಿಕೊಂಡ ಬಳಗವನ್ನು ಕಂಡದ್ದೇ ಹೊಳೆಯಮ್ಮ ಅಂದಳು: "ಅಯ್ಯೋ, ಎಂತ ಮಕ್ಕಳೇ ಇದು? ಮೊದಲು ಉಣ್ಣಿ. ಮಾತು ಆಮೇಲೆ."

ಯಾರೂ ಆಡದ ಮಾತನ್ನು ಗುರುತು ಪರಿಚಯವಿಲ್ಲದವಳು ಆಡಿದ್ದಳು. ಹಸುರಿಗೆ ಉಣ್ಣುತ್ತ ಉಣ್ಣುತ್ತ ಅಳು ಬಂತು. ಕೋಪ ಮಾತ್ರ ಹೋಗಲಿಲ್ಲ.

ಬಳಗ ಮೈದುಂಬಿಕೊಂಡಿತು. ದಡದ ನೀರು ಹಸಿರಾಯಿತು. ನಡುಗಡಲು ಬರಿದಾಗಿ ನೀಲಿಗಟ್ಟಿತು. ಹಸಿದ ಬೂತಾಯಿ, ಬಂಗುಡೆ ಮೀನುಗಳು ಹಿಂಡುಹಿಂಡಾಗಿ ಬಂದು, ಕೇಳುವ ಮೊದಲೇ ತಪ್ಪಾಯಿತೆಂದವು. ಹಸುರಿ ಅವುಗಳಿಗೆ ಬಡಿಸಿದಳು, ಆದರೆ ನಗಲಿಲ್ಲ.

ಕೊನೆಗೆ ತಿಮಿಂಗಿಲ ಬಂದ. ದಡದ ತೆಳು ನೀರಿನಲ್ಲಿ ಅವನ ಮೈ ಹಿಡಿಸದು. ದೂರದಲ್ಲೇ ನಿಂತು ಗೋಗರೆದ. "ಮನೆಗೆ ಬಾ ತಾಯಿ. ಎಷ್ಟು ಬೇಕಾದರೂ ಕೆಸರು ತರ್ತೇನೆ."

"ಕೆಸರು ಬೇಡ," ಅಂದಳು ಹಸುರಿ. "ತಂಗಿಯನ್ನು ತನ್ನಿ. ಬರ್ತೇನೆ."

ತಿಮಿಂಗಿಲ ತಳಕ್ಕೆ ಮುಳುಗಿದ. ಎಷ್ಟೋ ಹೊತ್ತಿನ ಮೇಲೆ ಬರಿಬಾಯಲ್ಲಿ ಎದ್ದು ಬಂದ, ನಿಟ್ಟುಸಿರು ಬಿಟ್ಟ, ಮತ್ತೆ ಮುಳುಗಿದ. ಇಂದಿಗೂ ಹುಡುಕುತ್ತಲೇ ಇದ್ದಾನೆ.

ನೀನು ಕಡಲ ದಡದಲ್ಲಿ ನಿಂತಾಗ ನೋಡು ಮಗಾ: ನಿನ್ನ ಕಾಲ ಬಳಿ ಬರುವ ನೀರು ಹಸಿರು, ದೂರದ್ದು ನೀಲಿ. ಜನ ಆ ನೀಲಿಯನ್ನು ನೋಡಿ ಎಷ್ಟು ಚೆಂದ ಅನ್ನುತ್ತಾರೆ, ಆದರೆ ಅದು ಹಸುರಿ ಎದ್ದುಹೋದ ಮೇಲೆ ಒಲೆ ಉರಿಯದ ಮನೆಯ ಬಣ್ಣ.