ಗ್ಲೌಸು ತೊಟ್ಟ ಅತಿಥಿ

ಬನ್ನಿ ಮಕ್ಕಳಾ, ಕಾಲು ಚಾಚಿ ಕೂತು ಕೇಳಿ. ಆಪರೇಷನ್ ಕೋಣೆಯ ನರ್ಸಮ್ಮಂದಿರ ಜಿಲ್ಲಾ ಸಂಘದ ಸಭೆಗೆ ಪ್ರತಿ ವರ್ಷ ದೊಡ್ಡ ಡಾಕ್ಟರು ಹಂಪಣ್ಣನೋರೇ ಅತಿಥಿ. ಮೈಕು ಹಿಡಿದರೆ ಸಂಜೆತನಕ ಬಿಡೋರಲ್ಲ. ಕೆಲಸ ಕಲಿಯೋಕೆ ದೂರದಿಂದ ಬಂದ ಹುಡುಗೀರು ಏನೂ ಕಲಿಯದೇ ಬಸ್ಸು ಹತ್ತೋರು.

ಈ ಸಲ ಸಂಘದ ಕಸ್ತೂರಮ್ಮ, "ದೀಪ ಬೇಡ ಸಾರ್. ನಿಮ್ಮಂಗೆ ಕೈ ತೊಳೆದು ಗ್ಲೌಸು ಹಾಕೋರು ಯಾರಿದ್ದಾರೆ? ಅದನ್ನೇ ತೋರಿಸಿ ಉದ್ಘಾಟನೆ ಮಾಡಿ" ಅಂದಳು. ಡಾಕ್ಟರು ಉಬ್ಬಿಹೋಗಿ ಗ್ಲೌಸು ತೊಟ್ಟರು. ಆಮೇಲೆ ಮೈಕಿಗೆ ಕೈ ಚಾಚಿದರು.

"ಅಯ್ಯೋ ಸಾರ್! ಗ್ಲೌಸಿನ ಕೈಲಿ ಹೊರಗಿನ ಸಾಮಾನು ಮುಟ್ಟಿದರೆ ಕೋಣೆಯಿಂದ ಆಚೆ ನೂಕ್ತೀನಿ ಅಂತ ನೀವೇ ನಮ್ಮನ್ನ ಬೈತೀರಲ್ಲ!" ಅಂದಳು ಕಸ್ತೂರಮ್ಮ.

"ಹಂಗಾರೆ ಈ ಕೈಲಿ ಏನು ಮಾಡ್ಲಮ್ಮ?"

"ಪಾಠ ಮಾಡಿ ಸಾರ್. ಕತ್ತರಿ, ಚಿಮಟ ಎಲ್ಲಾ ಕುದಿಸಿ ಜೋಡಿಸಿಟ್ಟಿದೀವಿ, ಅವನ್ನ ಮುಟ್ಟಬಹುದು."

ಡಾಕ್ಟರು ಹೊಟ್ಟೆ ಹಿಡಿದು ನಗೋಕೂ ಆಗದೆ, ಕೈ ಎತ್ತಿಕೊಂಡೇ ನಕ್ಕರು. ಆಮೇಲೆ ಕತ್ತರಿ ಹಿಡಿದು ಪಾಠ ಶುರು ಮಾಡಿದರು.

ಹುಡುಗೀರು ಕಲಿತು ಊರು ಸೇರಿದರು. ಕಸ್ತೂರಮ್ಮ ಸಂಘದ ಅಧ್ಯಕ್ಷೆಯಾದಳು. ಡಾಕ್ಟರು ಈಗ ಸಭೆಗೆ ಗ್ಲೌಸು ತಾವೇ ತರ್ತಾರೆ. ಮೈಕು ಪಾಪ, ಮೂಲೇಲಿ ನಿದ್ದೆ ಹೊಡೀತಿದೆ.