ಕೇರಿನ ಬಾವು ಎರಡು ದಿನ ತಡವಾಗಿ ಬರುವುದೇಕೆ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಸೋದರತ್ತೆ ಗಿರಿಯವ್ವ, ದೇವರ ಮನೆ ಸಾರಿಸುತ್ತಾ.

ಶಿವನು ಲೋಕ ಮಾಡಿ ಇನ್ನೂ ಕೈ ತೊಳೆದುಕೊಂಡಿರಲಿಲ್ಲ. ಆಗ ಹೊಳೆ ಮಾತಾಡುತ್ತಿತ್ತು, ಮರ ಮಾತಾಡುತ್ತಿತ್ತು. ಸಿಂಗವ್ವನೆಂಬ ಮಡಿವಾಳಗಿತ್ತಿ ಊರವರ ಬಟ್ಟೆ ಒಗೆಯುತ್ತಿದ್ದಳು. ಯಾವ ಪಂಚೆ ಯಾರದೆಂದು ತಿಳಿಯಬೇಕಲ್ಲ? ಕೇರು ಮರದ ಕಾಯಿ ಚುಚ್ಚಿ, ಅದರ ಕಪ್ಪು ರಸದಿಂದ ಅಂಚಿಗೆ ಗುರುತು ಹಾಕಿದಳು. ರಸ ಬೆರಳಿಗೂ ಹತ್ತಿತು. ಏನೂ ಆಗಲಿಲ್ಲ.

ತಿಂಗಳು ಬಿಟ್ಟು ಮತ್ತೆ ಗುರುತು ಹಾಕಿದಳು. ಆ ದಿನ ಏನಿಲ್ಲ. ಮರುದಿನವೂ ಏನಿಲ್ಲ. ಮೂರನೆಯ ಬೆಳಿಗ್ಗೆ ಹೊಳೆಯಲ್ಲಿ ಬಟ್ಟೆ ಜಾಲಿಸುವಾಗ ಬೆರಳೆಲ್ಲ ಉಬ್ಬಿ, ತುರಿಸಿ, ನೀರುಗುಳ್ಳೆ ಎದ್ದವು.

"ಹೊಳೆಯವ್ವಾ, ನೀರಿಗೆ ಏನು ಕಲಸಿದೆಯೇ?"

"ನಾನೇನು ಕಲಸಲಿ? ಮೀನೆಲ್ಲ ನನ್ನೊಳಗೇ ಇವೆ. ಒಂದಾದರೂ ಮೈ ಕೆರಕೊಳ್ತಿದೆಯಾ ನೋಡು!"

ಸಿಂಗವ್ವ ನಂಬಲಿಲ್ಲ. ಹೊಳೆಗೆ ಬೆನ್ನು ಹಾಕಿ ನಡೆದಳು. ದಾರಿಯಲ್ಲಿ ಕೇರು ಮರವನ್ನೂ ಕೇಳಿದಳು: "ನೀನೇನಾ?"

"ನೀನು ನನ್ನ ಕಾಯಿ ಮುಟ್ಟಿದ್ದು ಮೊನ್ನೆ. ಕೈ ಬಾತದ್ದು ಇವತ್ತು. ನಾನು ಹೇಗಾದೇನು?"

ಅದೂ ಸರಿಯೆನಿಸಿತು. ಆದರೆ ಬೆರಳು ಮಡಚಲು ಬಾರದು. ಹುಣ್ಣಿಮೆಗೆ ದೇವರ ವಸ್ತ್ರ ಒಗೆದು ಕೊಡಬೇಕು. ಇಲ್ಲದಿದ್ದರೆ ಆ ಸೇವೆ ಬೇರೆಯವರ ಕೈ ಸೇರುತ್ತದೆ. ಒಗೆಯುವ ಕಲ್ಲಿನ ಮೇಲೆ ಕೂತು ಅತ್ತಳು. "ಶಿವನೇ, ಯಾರನ್ನು ಬೈಯಲಿ?"

ಆಗ ಚರ್ಮದ ಒಳಗಿನಿಂದ ಸಣ್ಣ ದನಿ ಬಂತು. "ಅಳಬೇಡ ತಂಗೆವ್ವ. ನಾವು ಈಗ ತಾನೇ ಬಂದೆವು."

"ಯಾರಪ್ಪ ನೀವು?"

"ನಿನ್ನ ಮೈ ಕಾಯುವವರು."

ನಮ್ಮೂರ ನರ್ಸಮ್ಮ ಇವರನ್ನೇ ಟಿ ಜೀವಕೋಶ ಅನ್ನುತ್ತಾರೆ.

"ಮೊದಲ ಸಲ ಕೇರಿನ ರಸ ಬಂದಾಗ ನಮಗೆ ಪರಿಚಯವಿರಲಿಲ್ಲ," ಎಂದ ಅವರಲ್ಲೊಬ್ಬ, ಕಾವಲಿನ ಮುದುಕ. "ಚರ್ಮದಲ್ಲಿ ಪಹರೆ ತಿರುಗುವವರು ಅದರ ಚೂರೊಂದನ್ನು ನಾವು ಸೇರುವ ಕಂಕುಳ ಗಂಟಿನ ಚಾವಡಿಗೆ ತಂದು ತೋರಿಸಿದರು. ಅಲ್ಲಿ ಅದರ ಮುಖ ಕಲಿತೆವು. ಈ ಸಲ ಕಂಡೊಡನೆ ಗುರುತು ಹಿಡಿದೆವು. ಆದರೆ ನಾವು ಬಾಣ ಬಿಡುವವರಲ್ಲ, ನಡೆದು ಬರುವವರು. ಮೈಯೆಂದರೆ ದೊಡ್ಡ ಊರು. ಮೊದಲು ತಲುಪಿದ ನಾಲ್ಕು ಮಂದಿ ಕೂಗಿ ಕರೆಯಬೇಕು, ಉಳಿದವರು ಬಂದು ಸೇರಬೇಕು. ಎರಡು ದಿನ ಹಿಡಿಯುತ್ತದೆ. ನಾವೆಲ್ಲ ಒಟ್ಟಿಗೆ ನುಗ್ಗಿದ ಗದ್ದಲವೇ ಈ ಬಾವು."

"ಕೈ ಕಾಯಲು ಬಂದು ನನ್ನ ಕೈಯನ್ನೇ ಬಡಿದಿರಾ?"

ಮುದುಕ ಹೇಳಿದ: "ರಸ ನಿನ್ನ ಚರ್ಮಕ್ಕೇ ಅಂಟಿತ್ತು ತಾಯಿ. ಯಾವುದು ರಸ, ಯಾವುದು ನೀನು, ನಮಗೂ ತಿಳಿಯಲಿಲ್ಲ."

ಸಿಂಗವ್ವನಿಗೆ ಪೂರ್ತಿ ಅರ್ಥವಾಗಲಿಲ್ಲ. ಹೊಳೆಯದು ತಪ್ಪಿಲ್ಲ, ಮೊನ್ನೆ ಮುಟ್ಟಿದ ರಸವೇ ಕಾರಣ ಎಂಬುದಷ್ಟೇ ಅರ್ಥವಾಯಿತು. ಕೇರನ್ನು ಬಿಟ್ಟಳು, ಅಂಚಿಗೆ ಬಣ್ಣದ ದಾರ ಕಟ್ಟಿ ಗುರುತು ಮಾಡಿದಳು. ಹುಣ್ಣಿಮೆಯ ಹಿಂದಿನ ದಿನ ಬೆರಳು ಮಡಚಲು ಬಂತು. ದೇವರ ವಸ್ತ್ರ ಹೊತ್ತು ಹೊಳೆಗಿಳಿದಳು.

"ತಪ್ಪಾಯ್ತು ಕಣವ್ವ."

"ಆಯ್ತು ಬಾರೇ, ಹೊತ್ತೇರಿತು," ಎಂದಿತು ಹೊಳೆ.

ಅದಕ್ಕೇ ಇಂದಿಗೂ ಕೇರು ಒಗ್ಗದವರಿಗೆ ಅದರ ರಸ ತಾಗಿದರೆ ಕೈ ಆ ದಿನ ಸುಮ್ಮನಿದ್ದು, ಎರಡು ದಿನ ಕಳೆದು ಉಬ್ಬುತ್ತದೆ. ಕೈ ಕೆರೆದುಕೊಳ್ಳುವ ಮಗು ಕಂಡರೆ, ಮೊನ್ನೆ ಏನು ಮುಟ್ಟಿದೆ ಎಂದು ಕೇಳಿ; ಕೇಳಿ, ಈ ಕಥೆಯನ್ನೂ ಅದಕ್ಕೆ ಹೇಳಿ.