ಅಲಮಾರಿಗೆ ಸೇರಬೇಕಿದ್ದ ಜೀಪು

ನಮ್ಮ ಕಚೇರಿಗೆ ಬಂದ ಹೊಸ ಸಾಹೇಬರಿಗೆ ಅನುಮಾನವೆಂಬುದು ಹುಟ್ಟುಗುಣ. ಪೆನ್ಸಿಲು ಕದ್ದಾರೆಂದು ಸ್ಟೇಷನರಿ ಅಲಮಾರಿಯ ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದರು. ಟೈಪಿಸ್ಟ್ ಹಾಲಪ್ಪ ಸುಮ್ಮನೆ ನಕ್ಕರೂ ತಮ್ಮ ಇಂಗ್ಲಿಷಿಗೇ ನಕ್ಕನೆಂದು ಗುಮಾನಿ.

ಒಂದು ದಿನ, ಕಚೇರಿ ಜೀಪು ಆರು ತಿಂಗಳಿಂದ ನಿಂತಲ್ಲೇ ನಿಂತಿದೆ ಎಂದು ಮೇಲಿನವರಿಗೆ ಇಂಗ್ಲಿಷಿನಲ್ಲಿ ಕಾಗದ ಬರೆದರು. ಅಲ್ಲೂ ಬಂತು ನೋಡಿ, 'ಸ್ಟೇಷನರಿ'! ಕಿವಿಗೆ ಒಂದೇ, ಬರೆಯಲು ಎರಡು. ಬಾಲದ ಹತ್ತಿರ 'ಎ' ಹಾಕಿದರೆ ನಿಂತದ್ದು, 'ಇ' ಹಾಕಿದರೆ ಕಾಗದ ಪೆನ್ಸಿಲು. ಸಾಹೇಬರು 'ಇ' ಬರೆದಿದ್ದರು. ಹಾಲಪ್ಪ ತೆಪ್ಪಗೆ 'ಎ' ಹೊಡೆದ.

"ನನ್ನ ಅಕ್ಷರ ತಿದ್ದೋಕೆ ನೀನ್ಯಾರಯ್ಯ? ಯಾರು ಹೇಳಿಕೊಟ್ಟರು? ನಾನು ಬರೆದ ಹಾಗೇ ಹೊಡಿ. ಇಲ್ಲದಿದ್ದರೆ ನಾಳೆಯೇ ವರ್ಗ!"

ಮನೆಯಲ್ಲಿ ಹೆಂಡತಿ ತುಂಬು ಬಸುರಿ. ವರ್ಗವಾದರೆ ಗತಿಯೇನು? "ಅಪ್ಪಣೆ ಸ್ವಾಮಿ" ಎಂದು ಹಾಲಪ್ಪ 'ಇ' ಹೊಡೆದ. ಜೊತೆಗೊಂದು ಚೀಟಿ ಇಟ್ಟ: "ತಮ್ಮ ಆಜ್ಞೆಯಂತೆ ಜೀಪು ಈಗ ಬರೆಯುವ ಸಾಮಾನಾಗಿದೆ. ಪೆನ್ಸಿಲು, ಗೋಂದಿನ ಜೊತೆ ಅಲಮಾರಿಯಲ್ಲಿಡಬೇಕು. ದಯವಿಟ್ಟು ಬೀಗದಕೈ ಕೊಡಿಸಿ."

ಸಾಹೇಬರು ಚೀಟಿಯನ್ನು ತಿರುಗಿಸಿ ನೋಡಿದರು. ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಬಾಗಿಲು ಹಾಕಿಕೊಂಡರು. ಒಳಗೆ ಡಿಕ್ಷನರಿಯ ಹಾಳೆ ಮಗುಚುವ ಸದ್ದು ನಮಗೆಲ್ಲ ಕೇಳಿಸಿತು. ಹೊರಬಂದಾಗ ಕಿವಿ ಕೆಂಪಾಗಿತ್ತು.

"ಮೊದಲು ಹೊಡೆದದ್ದನ್ನೇ ಕಳಿಸಯ್ಯ. ವರ್ಗಗಿರ್ಗ ಏನಿಲ್ಲ. ಆದರೆ ಈ ವಿಷಯ ಇಲ್ಲೇ ನಿಲ್ಲಬೇಕು, ತಿಳೀತಾ?"

ಹಾಲಪ್ಪ ಕೈಮುಗಿದ. "ನಿಂತಲ್ಲೇ ನಿಲ್ಲೋಕೆ ಅದೇನು ನಮ್ಮ ಜೀಪೇ ಸ್ವಾಮಿ?"